ಮಧ್ಯಕ್ಕೆ ಬಾರದ ಮುಳ್ಳು

ಮಾವ: ಬಿಸಿ ಆಗಲ್ಲ ಅನ್ನೋದೂ ಒಂದು ರೋಗಾನಾ? ಊರವರೆಲ್ಲ ಗಾಡಿ ಕಾಯುತ್ತೆ, ಕುದಿಯುತ್ತೆ ಅಂತ ತಲೆ ಚಚ್ಚಿಕೊಳ್ತಾರೆ. ನಿಮಗೆ ತಣ್ಣಗಿದೆ ಅಂತ ಸಂಕಟ!

ಅಳಿಯ: ಹಾಗಲ್ಲ ಮಾವ. ಇಂಜಿನ್ ಒಂದು ಹದಕ್ಕೆ ಬಿಸಿ ಆಗ್ಲೇಬೇಕು. ಇಲ್ದಿದ್ರೆ ಡೀಸೆಲ್ ಪೂರ್ತಿ ಉರಿಯಲ್ಲ. ಆ ಬಿಳಿ ಹೊಗೆ ನೋಡಿ.

ಮಾವ: ಹೊಗೆ ಹೊರಗೆ ತಾನೇ ಹೋಗ್ತಿರೋದು? ಒಳಗೆ ಬಂದ್ರೆ ಹೇಳಿ.

ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ ಆಗಷ್ಟೇ ಸ್ಟಾರ್ಟ್ ಮಾಡಿದ ಲಾರಿ ಗಡಗಡ ಎನ್ನುತ್ತ ನಿಂತಿತ್ತು. ಇಂಜಿನ್ ತಣ್ಣಗಿದ್ದರೂ ಅಳಿಯನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ರಸ್ತೆಯಾಚೆಯ ಬಣ್ಣದ ಕಾರ್ಖಾನೆಯವರು ವರ್ಷವಿಡೀ ಸರಕು ಸಾಗಿಸುವ ಕರಾರನ್ನು ಅವನಿಗೆ ಕೊಡುವುದರಲ್ಲಿದ್ದರು. ಆದರೆ ಹೊಗೆ ಕಾರುವ ಗಾಡಿ ತಮ್ಮ ಗೇಟು ದಾಟಕೂಡದು ಎಂಬುದು ಅವರ ಕಟ್ಟಪ್ಪಣೆ. ಊಟದ ಹೊತ್ತಿಗೆ ಮುಂಚೆ ಅವರ ಸಾಹೇಬರು ಇಲ್ಲಿಗೇ ಬಂದು ಗಾಡಿ ಪರೀಕ್ಷೆ ಮಾಡುವವರಿದ್ದರು. ಕರಾರು ಕೈತಪ್ಪಿದರೆ ಲಾರಿ ಮನೆ ಮುಂದೆ ನಿಲ್ಲುತ್ತದೆ, ಅಳಿಯನೂ ಅದರ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ.

ಇದನ್ನು ಮಾವನಿಗೆ ಬಿಡಿಸಿ ಹೇಳುವ ಗಂಡೆದೆ ಯಾರಿಗಿದೆ? ಲಾರಿ ಅವರದೇ. ಹೊಸದಾಗಿ ಕೊಂಡಂದಿನಿಂದ ತಾವೇ ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಕಳೆದ ವರ್ಷ ಮಗಳ ಗಂಡನಿಗೆ ಕೀಲಿ ಒಪ್ಪಿಸಿದ್ದರು. ಒಪ್ಪಿಸಿದ್ದು ಕೀಲಿಯನ್ನು ಮಾತ್ರ. ಗಾಡಿಯ ಬಗ್ಗೆ ಯಾರಾದರೂ ಅರ್ಧ ಮಾತಾಡಿದರೂ ಸಾಕು, ಹೆತ್ತ ಮಗಳಿಗೆ ಮೆಳ್ಳೆಗಣ್ಣು ಎಂದರೇನೋ ಎಂಬಂತೆ ಉರಿದು ಬೀಳುತ್ತಿದ್ದರು. ಅಳಿಯ ಆ ಮನೆಗೆ ಬಂದಾಗಿನಿಂದ ಕಲಿತ ವಿದ್ಯೆ ಒಂದೇ, ತಲೆಯಾಡಿಸುವುದು.

ಮೇಸ್ತ್ರಿ ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆದ.

ಮೇಸ್ತ್ರಿ: ಬಿಸಿ ತೋರಿಸೋ ಮೀಟರ್ ಸುಳ್ಳು ಹೇಳ್ತಿದೆ ಅಂತ ಮೊನ್ನೆ ಮೀಟರ್ ಬದಲಾಯಿಸಿದ್ವಿ ಸಾರ್.

ಅಳಿಯ: ಹೊಸ ಮೀಟರೂ ಅದನ್ನೇ ಹೇಳ್ತಿದೆಯಲ್ಲ ಮಾರಾಯ!

ಮೇಸ್ತ್ರಿ: ಆದ್ರೆ ಎಷ್ಟು ಸ್ಪಷ್ಟವಾಗಿ ಹೇಳ್ತಿದೆ ನೋಡಿ.

ಅಳಿಯ: ಆಮೇಲೆ ಫ್ಯಾನಿನ ತೊಂದರೆ ಅಂತ ನೀನು ಫ್ಯಾನ್ ಬಿಚ್ಚಿದೆ.

ಮೇಸ್ತ್ರಿ: ಫ್ಯಾನ್ ಅಲ್ಲ ಅಂತ ಗೊತ್ತಾಗ್ಬೇಕಾದ್ರೆ ಫ್ಯಾನ್ ಬಿಚ್ಚಲೇಬೇಕಲ್ವಾ?

ಮಾವ: ನಿಮ್ಮಿಬ್ಬರ ಪಾಂಡಿತ್ಯ ಹಾಗಿರ್ಲಿ. ಒಂದು ಗೋಣಿಚೀಲ ತಂದು ರೇಡಿಯೇಟರ್ ಮುಂದೆ ಕಟ್ಟಿ. ಗಾಳಿ ಬಡಿಯಲ್ಲ, ತಾನಾಗೇ ಬೆಚ್ಚಗಾಗುತ್ತೆ.

ಅಳಿಯ: ಸಾಹೇಬ್ರು ಬಂದಾಗ ಮೂತಿಗೆ ಗೋಣಿ ಕಟ್ಟಿಕೊಂಡಿರೋ ಲಾರಿ ತೋರಿಸೋದಾ ಮಾವ?

ಮಾವ: ನೆಗಡಿ ಅನ್ನಿ.

ಮೇಸ್ತ್ರಿ ಮತ್ತೆ ಬಾನೆಟ್ಟಿನೊಳಗೆ ಬಗ್ಗಿ, ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪನ್ನು ಸುಮ್ಮನೆ ಹಿಡಿದುಕೊಂಡ. ಹಿಡಿದವನ ಕಣ್ಣು ಅಗಲವಾಯಿತು.

ಮೇಸ್ತ್ರಿ: ಸಿಕ್ತು! ಇಂಜಿನ್ ಇನ್ನೂ ತಣ್ಣಗಿದೆ, ಈ ಪೈಪು ಆಗ್ಲೇ ಉಗುರುಬೆಚ್ಚಗಿದೆ! ಇಂಜಿನ್ ಚೆನ್ನಾಗಿ ಕಾಯೋವರೆಗೂ ಈ ಕಡೆ ನೀರೇ ಬರಕೂಡ್ದು ಸಾರ್. ಅದನ್ನ ತಡೆಯೋಕೆ ಅಂತಾನೇ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಬಾಗಿಲಿರುತ್ತೆ. ಅದು ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ!

ಗಾಡಿ ಆಫ್ ಮಾಡಿ, ಒಂದಿಷ್ಟು ನೀರು ಹೊರಗೆ ಬಿಟ್ಟು, ಬೋಲ್ಟು ಬಿಚ್ಚಿ ನೋಡಿದ. ಬಾಗಿಲು ಸಿಕ್ಕಿಹಾಕಿಕೊಂಡಿರಲಿಲ್ಲ. ಅಲ್ಲಿ ಬಾಗಿಲೇ ಇರಲಿಲ್ಲ.

ಮೇಸ್ತ್ರಿಗಳ ಕಸುಬಿನಲ್ಲಿ ಒಂದು ಕ್ರಮವಿದೆ. ತನಗಿಂತ ಮೊದಲು ಆ ಇಂಜಿನ್ನಿಗೆ ಕೈ ಹಾಕಿದವನನ್ನು ಬಾಯ್ತುಂಬ ಬೈಯದೆ ಯಾವ ಮೇಸ್ತ್ರಿಯೂ ಸ್ಪ್ಯಾನರ್ ಎತ್ತುವುದಿಲ್ಲ. ಬೈಗುಳ ಎಷ್ಟು ದೊಡ್ಡದೋ ಮೇಸ್ತ್ರಿ ಅಷ್ಟು ದೊಡ್ಡವನು. ನಮ್ಮ ಮೇಸ್ತ್ರಿ ತೀರಾ ದೊಡ್ಡವನು.

ಮೇಸ್ತ್ರಿ: ಯಾವನ್ರೀ ಇದನ್ನ ಕಿತ್ತುಹಾಕಿದ ಕತ್ತೆ?

ಅಳಿಯ ಕೆಮ್ಮಿದ.

ಮೇಸ್ತ್ರಿ: ಕತ್ತೆ ಅಂದ್ರೆ ಕತ್ತೆಗೇ ಅವಮಾನ! ಇಂಥವನ ಕೈಗೆ ಸ್ಪ್ಯಾನರ್ ಕೊಟ್ಟೋನನ್ನ ಮೊದ್ಲು ಒಳಗೆ ಹಾಕ್ಬೇಕು.

ಅಳಿಯ: (ಇನ್ನೂ ಜೋರಾಗಿ ಕೆಮ್ಮಿ) ಮೇಸ್ತ್ರಿ, ಕೆಲಸ ನೋಡು.

ಮೇಸ್ತ್ರಿ: ನಿಮಗೆ ಕೆಮ್ಮು ಯಾಕೆ ಬಂತು ಹೇಳಿ? ಈ ಹೊಗೆ ಕುಡಿದು! ಅದಕ್ಕೂ ಅವನೇ ಕಾರಣ!

ಈ ಇಂಜಿನ್ನಿಗೆ ಇಷ್ಟು ವರ್ಷ ಯಾರ ಕೈ ಬಿದ್ದಿದೆ ಎಂಬುದು ಅಳಿಯನಿಗೆ ಗೊತ್ತಿಲ್ಲದ್ದೇನಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಮಾವನ ಮೀಸೆ ಅದುರುತ್ತಿತ್ತು. ಪಾಪ, ವಯಸ್ಸಾದವರು, ಗ್ಯಾರೇಜಿನಲ್ಲಿ ನಿಲ್ಲಿಸಿ ಮಾನ ಕಳೆದಂತಾಯಿತಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಇದು ಮನೆಗೆ ಗೊತ್ತಾದರೆ ಹೆಂಡತಿ ಏನೆಂದಾಳು ಎಂಬುದೂ ನೆನಪಾಗಿ ಇನ್ನಷ್ಟು ಚುರುಕ್ಕೆಂದಿತು.

ಅಳಿಯ: ಮೇಸ್ತ್ರಿ, ಬೈಬೇಡ. ನಾನೇ ತೆಗೆದದ್ದು. ಗೊತ್ತಾಗ್ಲಿಲ್ಲ, ತಪ್ಪು ನಂದೇ.

ಹೇಳಿ, ಮಾವನ ಕಡೆ ತಿರುಗಿದ. ಅಳಿಯ ಅಂದ್ರೆ ಹೀಗಿರಬೇಕು ಎನ್ನುವ ಭಾವ ಅವರ ಮುಖದಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದ. ಮಾವನ ಮುಖ ಕೆಂಡವಾಗಿತ್ತು.

ಮಾವ: ಏನಂದ್ರಿ? ನೀವಾ? ನೀವು ತೆಗೆದ್ರಾ?

ಅಳಿಯ: (ಕಣ್ಣಲ್ಲೇ ಬೇಡಿಕೊಳ್ಳುತ್ತ) ಹೌದು ಮಾವ. ನಾನೇ.

ಮಾವ: ನಾಚಿಕೆ ಆಗಲ್ವಾ ನಿಮಗೆ? ಅದರ ಬೋಲ್ಟು ಯಾವ ಕಡೆ ತಿರುಗುತ್ತೆ ಅನ್ನೋದಾದ್ರೂ ಗೊತ್ತಾ? ಅದನ್ನ ಕಿತ್ತೋನು ನಾನು! ಗಾಡಿ ಮನೆಗೆ ಬಂದ ಹೊಸದರಲ್ಲೇ! ನೀರಿನ ದಾರಿಗೆ ಅಡ್ಡ ಕೂತಿತ್ತು, ಎತ್ತಿ ಎಸೆದೆ. ಅವತ್ತಿಂದ ಮೀಟರಿನ ಮುಳ್ಳು ತಲೆ ಎತ್ತಿಲ್ಲ. ಲಾರಿ ಸ್ಟ್ಯಾಂಡಿನಲ್ಲಿ ಒಬ್ಬನಿಗಾದ್ರೂ ಹೊಳೀತಾ? ನನಗೆ ಹೊಳೀತು! ಈಗ ಇವರು ಬಂದು, ನಾನೇ ಅಂತ ಎದೆ ತಟ್ಟಿಕೊಳ್ತಾರೆ. ಕೆಲಸ ನಂದು, ಹೆಸರು ಇವರದ್ದು!

ಮೇಸ್ತ್ರಿಯ ಕೈಯಿಂದ ಸ್ಪ್ಯಾನರ್ ಜಾರಿತು.

ಮೇಸ್ತ್ರಿ: ಯಜಮಾನ್ರೇ... ನಾನು ಕತ್ತೆ ಅಂದದ್ದು...

ಮಾವ: ಇವರಿಗೆ ಅಂದದ್ದು ಅಂತ ಗೊತ್ತಾಯ್ತು ಬಿಡು.

ಮೇಸ್ತ್ರಿ: ಹ್ಞಾಂ. ಇವರಿಗೇ, ಇವರಿಗೇ.

ಅಳಿಯ: ನಂಗೇ ಅಂತ ಇಟ್ಕೊಳ್ಳಿ, ಬೇಡ ಅಂದೋರ್ಯಾರು! ಮೊದ್ಲು ಹೊಸದೊಂದು ಹಾಕು.

ಮಾವ: ನಾನು ಬದುಕಿರೋವರೆಗೆ ನನ್ನ ಇಂಜಿನ್ ಗಂಟಲಿಗೆ ಮುಚ್ಚಳ ಹಾಕೋಕೆ ಬಿಡಲ್ಲ.

ಅಳಿಯ: ಇದೊಂದು ಹೊತ್ತಿಗೆ ಮಾವ. ಸಾಹೇಬ್ರು ನೋಡಿ ಹೋಗೋವರೆಗೆ. ನಿಮ್ಮ ಕಾಲಿಗೆ ಬೀಳ್ತೀನಿ.

ಮಾವ: ಹಾಗಾದ್ರೆ ಕೀಲಿ ನನ್ನ ಕೈಲಿರ್ಬೇಕು.

ಮೇಸ್ತ್ರಿ ಕಪಾಟಿನಿಂದ ಹೊಸ ಥರ್ಮೋಸ್ಟಾಟ್ ತಂದು ಕೂರಿಸಿ, ನೀರು ತುಂಬಿದ. ಮಾವ ಕ್ಯಾಬಿನ್ ಹತ್ತಿ ಗಾಡಿ ಸ್ಟಾರ್ಟ್ ಮಾಡಿ ಮೀಟರಿನ ಮೇಲೆ ಕಣ್ಣು ನೆಟ್ಟರು. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಮೇಲೆದ್ದಿತು.

ಮಾವ: ಅಯ್ಯಯ್ಯೋ, ಎದ್ದುಬಿಡ್ತು! ಹೋಯ್ತು, ಇಂಜಿನ್ ಹೋಯ್ತು!

ಟಕ್ಕನೆ ಆಫ್ ಮಾಡಿಬಿಟ್ಟರು. ಅಳಿಯ ಗೋಗರೆದು ಮತ್ತೆ ಸ್ಟಾರ್ಟ್ ಮಾಡಿಸಿದ. ಮುಳ್ಳು ಎದ್ದಿತು, ಮಾವ ಮತ್ತೆ ಆಫ್ ಮಾಡಿದರು. ಅಷ್ಟರಲ್ಲಿ ಕಾರ್ಖಾನೆಯ ಗೇಟು ತೆರೆಯಿತು. ಸಾಹೇಬರು ರಸ್ತೆಯ ಅಂಚಿಗೆ ಬಂದು, ವಾಹನಗಳು ಹೋಗಲೆಂದು ನಿಂತಿದ್ದರು. ಮಾವ ಮತ್ತೆ ಸ್ಟಾರ್ಟ್ ಮಾಡಿದರು, ಮುಳ್ಳು ಮತ್ತೆ ಎದ್ದಿತು, ಮಾವನ ಕೈ ಮತ್ತೆ ಕೀಲಿಗೆ ಹೋಯಿತು.

ಅಳಿಯ: ಮಾವಾ! ಕೈ ತೆಗೀರಿ ಅಲ್ಲಿಂದ!

ಮದುವೆಯಾದಂದಿನಿಂದ ಅವನು ಮಾವನೆದುರು ಅಷ್ಟು ಗಟ್ಟಿಯಾಗಿ ಉಸಿರಾಡಿದ್ದೂ ಇಲ್ಲ. ಮಾವ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಮುಳ್ಳು ಏರುತ್ತ ಏರುತ್ತ ಮಧ್ಯಕ್ಕೆ ಬಂದು ಅಲ್ಲೇ ನಿಂತಿತು. ಗಡಗಡ ಸದ್ದು ತಗ್ಗಿತು, ಹೊಗೆ ತೆಳುವಾಗಿ ಇಲ್ಲವೇ ಇಲ್ಲವಾಯಿತು. ಮಾವ ಮೀಟರನ್ನೇ ನೋಡುತ್ತ ಬಾಯಿ ತೆರೆದು ಕುಳಿತಿದ್ದರು.

ಸಾಹೇಬರು ಬಂದವರೇ ಸೈಲೆನ್ಸರಿನ ಮುಂದೆ ಬಿಳಿ ಕರವಸ್ತ್ರ ಹಿಡಿದರು, ತಿರುಗಿಸಿ ಮುರುಗಿಸಿ ನೋಡಿದರು.

ಸಾಹೇಬರು: ಆಶ್ಚರ್ಯ! ಹೋದ ವಾರ ಇದೇ ಗಾಡಿ ರಸ್ತೆಯೆಲ್ಲ ಬೆಳ್ಳಗೆ ಮಾಡಿತ್ತಲ್ಲ?

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಾವ ಕ್ಯಾಬಿನ್‌ನಿಂದ ಇಳಿದು ಬಂದಿದ್ದರು.

ಮಾವ: ಮಾಡದೆ ಇರುತ್ತಾ ಸ್ವಾಮಿ? ಥರ್ಮೋಸ್ಟಾಟೇ ಇರ್ಲಿಲ್ಲ! ಅದಿಲ್ದೆ ಇಂಜಿನ್ ಹದಕ್ಕೆ ಬರೋದುಂಟಾ? ಮುಳ್ಳು ಮಧ್ಯಕ್ಕೆ ಬಂದು ನಿಲ್ಬೇಕು. ಮೇಲಿದ್ರೂ ತಪ್ಪು, ಕೆಳಗಿದ್ರೂ ತಪ್ಪು. ಇಷ್ಟೂ ತಿಳೀದೋರು ಗಾಡಿ ಇಟ್ಕೋಬಾರ್ದು.

ಸಾಹೇಬರು: ಅದನ್ನ ತೆಗೆದದ್ದು ಯಾರು?

ಮಾವ ಅಳಿಯನತ್ತ ನೋಡಿದರು. ಆ ನೋಟದಲ್ಲಿ ಎಂಥ ಕ್ಷಮೆ, ಎಂಥ ಕನಿಕರ!

ಮಾವ: ಹುಡುಗು ಬುದ್ಧಿ, ಬಿಟ್ಟುಬಿಡಿ ಸ್ವಾಮಿ. ಈಗಷ್ಟೇ ಅವರೇ ಬಾಯಿಬಿಟ್ಟು ಒಪ್ಪಿಕೊಂಡ್ರು. ಬೇಕಾದ್ರೆ ಮೇಸ್ತ್ರೀನ ಕೇಳಿ.

ಮೇಸ್ತ್ರಿ: (ನೆಲ ನೋಡುತ್ತ) ಒಪ್ಪಿಕೊಂಡದ್ದು ನಿಜ ಸಾರ್.

ಸಾಹೇಬರು: ಏನ್ರೀ, ಹೌದಾ?

ಅಲ್ಲ ಎಂದರೆ ಮಾವ ಸುಳ್ಳುಗಾರರಾಗುತ್ತಾರೆ, ಸಾಹೇಬರೆದುರು ಜಗಳವಾಗುತ್ತದೆ, ಕರಾರು ಗಾಳಿಗೆ ಹೋಗುತ್ತದೆ. ಕಲಿತ ವಿದ್ಯೆ ಅಳಿಯನ ಕೈಬಿಡಲಿಲ್ಲ, ತಲೆಯಾಡಿಸಿದ.

ಸಾಹೇಬರು: ಸರಿ, ಕರಾರು ನಿಮಗೇ. ಆದ್ರೆ ನಿಮ್ಮೊಬ್ಬರ ಕೈಗೆ ಈ ಗಾಡಿ ಬಿಟ್ಟು ನಾನು ನೆಮ್ಮದಿಯಾಗಿರೋಕಾಗಲ್ಲ. ಯಜಮಾನ್ರು ಪ್ರತಿ ಟ್ರಿಪ್ಪಿಗೂ ಜೊತೆಗಿರ್ಬೇಕು. ಇದು ನಮ್ಮ ಷರತ್ತು.

ಮಾವ: ಮೊಣಕಾಲು ನೋವಿದೆ ಸ್ವಾಮಿ... ಆದ್ರೂ ಆಗ್ಲಿ. ಮಗಳ ಮುಖ ನೋಡಿ ಒಪ್ಪಿಕೊಳ್ತೀನಿ.

ಮಾತು ಮುಗಿಯುವ ಮೊದಲೇ ಆ ಮೊಣಕಾಲು ಎರಡೇ ನೆಗೆತಕ್ಕೆ ಕ್ಯಾಬಿನ್ ಹತ್ತಿತ್ತು. ಸಾಹೇಬರು ಕರವಸ್ತ್ರ ಮಡಚಿಕೊಂಡು ಹೊರಟುಹೋದರು. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೇಳುವ ಮಾವನ ದನಿ ತಲುಪದ ಜಾಗ ಅಳಿಯನ ಪಾಲಿಗೆ ಪ್ರಪಂಚದಲ್ಲಿ ಒಂದೇ ಇತ್ತು, ಆ ಕ್ಯಾಬಿನ್. ಈಗ ಅಲ್ಲಿಂದಲೇ ಹಾರ್ನ್ ಬಾರಿಸುತ್ತ ಅದೇ ದನಿ ಅವನನ್ನು ಕರೆಯುತ್ತಿತ್ತು.

ಮಾವ: ಅಳಿಯಂದ್ರೇ, ಏನು ಅಲ್ಲೇ ನಿಂತುಬಿಟ್ರಿ? ಹತ್ತಿ! ಥರ್ಮೋಸ್ಟಾಟ್ ಅಂದ್ರೇನು ಅಂತ ದಾರಿಯುದ್ದಕ್ಕೂ ಹೇಳ್ಕೊಡ್ತೀನಿ!

ಅಳಿಯ ಮೇಸ್ತ್ರಿಯ ಕಿವಿಯ ಹತ್ತಿರ ಬಗ್ಗಿದ.

ಅಳಿಯ: ಮೇಸ್ತ್ರಿ, ಅದನ್ನ ಮತ್ತೆ ಕಿತ್ತುಹಾಕೋಕೆ ಎಷ್ಟು ಹೊತ್ತು ಬೇಕಾಗುತ್ತೆ?

ಮೇಸ್ತ್ರಿ: ನನ್ನೇನು ಕೇಳ್ತೀರಿ ಸಾರ್, ಮೊದಲನೇ ಸಲ ಕಿತ್ತೋರು ನೀವೇ ಅಲ್ವಾ?