ಮಾಮಾನ ಕೈಮಾತು

ನಮ್ಮ ಮಾಮಾನ ಎರಡೂ ಕೈ ಕಟ್ಟಿಹಾಕಿದರೆ ಅವರಿಗೆ ಕನ್ನಡ ಬರುವುದಿಲ್ಲ!

ಉತ್ಪ್ರೇಕ್ಷೆ ಅಂತೀರಾ? ನಾನು ಪರೀಕ್ಷೆ ಮಾಡಿಯೇ ನೋಡಿದ್ದೇನೆ. ಒಂದು ಭಾನುವಾರ ಲಂಡನ್ನಿನ ಕೊಲಿಂಡೇಲಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಒಂದು ಕೈಗೆ ಬಿಸಿ ಚಹಾದ ಕಪ್ಪು, ಇನ್ನೊಂದು ಕೈಗೆ ಅವಲಕ್ಕಿಯ ಬಟ್ಟಲು ಕೊಟ್ಟು, "ಮಾಮಾ, ಇಲ್ಲಿಂದ ನಿಮ್ಮ ಮನಿಗೆ ಬಸ್ಸಿನ್ಯಾಗ ಹೆಂಗ ಬರೋದು?" ಎಂದು ಕೇಳಿದೆ. ಅವರು ಬಾಯಿ ತೆರೆದರು, ಮುಚ್ಚಿದರು. ಕಪ್ಪನ್ನು ನೋಡಿದರು, ಬಟ್ಟಲನ್ನು ನೋಡಿದರು. ಕೊನೆಗೆ, "ತಡಿ, ಚಾ ಮುಗೀಲಿ, ಹೇಳ್ತೀನಿ" ಅಂದರು. ದಾರಿ ಹೇಳುವುದಕ್ಕೂ ಚಹಾ ಮುಗಿಯುವುದಕ್ಕೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ಚಹಾ ಮುಗಿದ ಮೇಲೆ ಅವರು ದಾರಿ ಹೇಳಿದ್ದರಲ್ಲಿ ನಮ್ಮ ಮನೆಯ ಹೂದಾನಿ ಒಡೆಯಿತು.

ಅಮ್ಮನ ತಮ್ಮನಾದ ಈ ಮಾಮಾ ಧಾರವಾಡದಿಂದ ಲಂಡನ್ನಿಗೆ ಬಂದಾಗ ಅವರ ಕೈಗಳು ಎಲ್ಲರ ಕೈಗಳ ಹಾಗೆ ತಮ್ಮ ಪಾಡಿಗೆ ತಾವು ಇದ್ದವು ಎಂದು ಮಾಮಿ ಈಗಲೂ ಆಣೆ ಮಾಡಿ ಹೇಳುತ್ತಾರೆ. ಕೆಡಿಸಿದ್ದು ಪಾರ್ಕ್ ರಾಯಲ್! ಅಲ್ಲಿನ ಒಂದು ಟೊಮೆಟೊ ಸಾಸ್ ಕಾರ್ಖಾನೆಯಲ್ಲಿ ಮಾಮಾನಿಗೆ ಗುಣಮಟ್ಟ ನೋಡುವ ಕೆಲಸ. ಸಾಲುಸಾಲಾಗಿ ಗಾಜಿನ ಬಾಟಲಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಬೆಲ್ಟಿನ ಮೇಲೆ ಹೋಗುತ್ತವೆ. ಆ ಗದ್ದಲಕ್ಕೆ ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸದು. ಉಳಿದವರೆಲ್ಲ ಕಂಗಾಲಾಗಿದ್ದರೆ ಜೊತೆಗಿದ್ದ ಇಟಾಲಿಯನ್ನರು ಮಾತ್ರ ದಿನವಿಡೀ ಆರಾಮಾಗಿ ಹರಟೆ ಹೊಡೆಯುತ್ತಿದ್ದರಂತೆ. ಹೇಗೆ? ಕೈಯಲ್ಲಿ!

ಅವರಲ್ಲಿ ನೇಪಲ್ಸ್ ಕಡೆಯ ಹಿರಿಯನೊಬ್ಬ ಮಾಮಾನನ್ನು ಶಿಷ್ಯನಾಗಿ ಸ್ವೀಕರಿಸಿದ. ಐದೂ ಬೆರಳ ತುದಿ ಒಟ್ಟು ಮಾಡಿ ಮೇಲೆ ಕೆಳಗೆ ಆಡಿಸಿದರೆ, 'ಏನಯ್ಯಾ ನಿನ್ನ ಮಾತಿನ ಅರ್ಥ?' ತೋರುಬೆರಳನ್ನು ಕೆನ್ನೆಗೆ ಒತ್ತಿ ತಿರುಪಿನ ಹಾಗೆ ತಿರುಗಿಸಿದರೆ, 'ಆಹಾ, ಏನು ರುಚಿ!' ಗದ್ದದ ಕೆಳಗಿನಿಂದ ಬೆರಳುಗಳನ್ನು ಮುಂದಕ್ಕೆ ಚಿಮ್ಮಿದರೆ, 'ಹೋದರೆ ಹೋಗಲಿ, ನನಗೇನು!' ಎರಡು ತೋರುಬೆರಳುಗಳನ್ನು ಪಕ್ಕಪಕ್ಕ ಹಿಡಿದು ಉಜ್ಜಿದರೆ, 'ಇವರಿಬ್ಬರೂ ಜೋಡಿ, ತಿಳಿಯಿತಾ?' ಕಾರ್ಖಾನೆಯಲ್ಲಿ ಯಾರ ಕಣ್ಣು ಯಾರ ಮೇಲಿದೆ ಎಂಬ ಸುದ್ದಿಯೆಲ್ಲ ಈ ಎರಡು ಬೆರಳುಗಳ ಮೂಲಕವೇ ಊರು ಸುತ್ತುತ್ತಿತ್ತಂತೆ.

ಹಾಗಾದರೆ ಮಾಮಾನಿಗೆ ಇಟಾಲಿಯನ್ ಭಾಷೆ ಬರುತ್ತದೆಯೇ? ಒಂದಕ್ಷರವೂ ಇಲ್ಲ! ಆದರೂ ಒಂದು ಸಲ ಕಾಫಿ ಕುಡಿಯಲು ಹೋದಲ್ಲಿ, ಅಂಗಡಿಯ ಇಟಾಲಿಯನ್ ಮುದುಕಪ್ಪನ ಜೊತೆ ಬಾಯಿ ಬಿಡದೆ ಅಷ್ಟು ಹೊತ್ತು ಮಾತಾಡಿದರು ನೋಡಿ, ನಮ್ಮ ಕಾಫಿ ಆರಿಹೋಯಿತು. ಟೇಬಲ್ಲಿಗೆ ಬಂದಾಗ ಮಾಮಿ, "ಏನಂದ್ರೀ ಅವ್ರು?" ಎಂದು ಕೇಳಿದರು.

"ಅಳಿಯಾ ಬ್ಯಾಂಕಿನ ಕೆಲಸ ಬಿಟ್ಟು ಗಿಟಾರ್ ಬಾರಸ್ಲಿಕತ್ತಾನಂತ. ಮಗಳು ಖುಷೀಲೇ ಇದ್ದಾಳಂತ. ಅದs ಅವ್ರಿಗೆ ತಲಿಬ್ಯಾನಿ."

ನಿಜವೋ ಸುಳ್ಳೋ ಯಾರಿಗೆ ಗೊತ್ತು! ಆದರೆ ನಾವು ಹೊರಡುವಾಗ ಆ ಮುದುಕಪ್ಪ ಬಾಗಿಲವರೆಗೆ ಬಂದು ಮಾಮಾನನ್ನು ತಬ್ಬಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತೊಂದರೆಯಾಗುತ್ತಿದ್ದದ್ದು ನಮ್ಮವರ ನಡುವೆ. ಟೂಟಿಂಗಿನ ಕನ್ನಡದವರ ಹೋಟೆಲೊಂದರಲ್ಲಿ ಒಮ್ಮೆ ಮಸಾಲೆ ದೋಸೆ ತಿನ್ನುತ್ತಿದ್ದೆವು. ಗರಿಗರಿ ದೋಸೆ. ಮಾಣಿ, "ಹೇಗಿದೆ ಸಾರ್?" ಅಂದ. ಮಾಮಾ ಕಣ್ಣು ಮುಚ್ಚಿ, ಬೆರಳನ್ನು ಕೆನ್ನೆಗೆ ಒತ್ತಿ ತಿರುಗಿಸತೊಡಗಿದರು. ಅವನ ಮುಖದಲ್ಲಿ ಕನಿಕರ ಮೂಡಿತು. ಒಳಗೆ ಓಡಿಹೋದವನು ಸಣ್ಣ ತಟ್ಟೆಯಲ್ಲಿ ಲವಂಗ ತಂದ. "ನೋವಿರೋ ಹಲ್ಲಿನ ಕೆಳಗೆ ಇಟ್ಕೊಳ್ಳಿ ಸಾರ್, ನಮ್ಮಜ್ಜಿ ಹೇಳ್ತಿದ್ರು." ನಾವು ನಗು ತಡೆಯಲಾರದೆ ಒದ್ದಾಡುತ್ತಿದ್ದರೆ ಮಾಮಾ ಮಾತ್ರ ಗಂಭೀರವಾಗಿ ಲವಂಗ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಪಾಪ, ಅಷ್ಟು ಅಂತಃಕರಣದಿಂದ ತಂದಾನ, ಬ್ಯಾಡ ಅನ್ಲಿಕ್ಕೆ ಬರ್ತದೇನು?" ಅಂದರು. ಉಳಿದ ದೋಸೆಯನ್ನೆಲ್ಲ ಲವಂಗದ ಘಾಟಿನ ಜೊತೆಯೇ ತಿಂದರು.

ಇದನ್ನೆಲ್ಲ ನೋಡಿ ನಗಲು ನನಗೇನು, ನಾನು ಸೋದರಸೊಸೆಯ ಸ್ಥಾನದಲ್ಲಿರುವವಳು. ಮಗಳ ಪಾಡು ಬೇರೆ. ಪಲ್ಲವಿ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಅವಳ ಶಾಲೆಯ ನಾಟಕದಲ್ಲಿ ಅವಳದೊಂದು ಮರದ ಪಾತ್ರವಿತ್ತಂತೆ. ಮರಕ್ಕೆ ಮಾತಿಲ್ಲ, ಅಲುಗಾಡುವಂತೆಯೂ ಇಲ್ಲ. ಆ ಮರವನ್ನು ಮಾಮಾ ಎದ್ದು ನಿಂತು ಎರಡೂ ಕೈಯಲ್ಲಿ ಹೊಗಳಿದ ರಭಸಕ್ಕೆ ಮುಂದಿನ ಸಾಲಿನಲ್ಲಿದ್ದ ಹೆಡ್ ಮಿಸ್ಟ್ರೆಸ್ಸಿನ ಕನ್ನಡಕ ಹಾರಿ ವೇದಿಕೆಯ ಮೇಲೆ ಬಿತ್ತು! ಅಂದು ಪಲ್ಲವಿಯ ಬಾಯಿಂದ ಬಂದ "ಡ್ಯಾಡ್, ಹ್ಯಾಂಡ್ಸ್!" ಎಂಬ ಕೂಗು ಆಮೇಲೆ ಆ ಮನೆಯ ಸುಪ್ರಭಾತವಾಯಿತು. ಅದರ ಹಿಂದೆಯೇ ಮಾಮಿಯ ಕನ್ನಡ ಅನುವಾದ: "ಕೈ ಕೆಳಗ ಇಡ್ರೀ!"

ಮಾಮಿಗೆ ಈ ಕೈಮಾತು ಕಂಡರೆ ಆಗುತ್ತಿರಲಿಲ್ಲ. "ಆ ಹುಚ್ಚು ನನಗ ತಿಳಿಯೂದೂ ಇಲ್ಲ, ತಿಳಕೊಳ್ಳೂದೂ ಇಲ್ಲ" ಎನ್ನುತ್ತಿದ್ದರು. ನಾನೂ ನಂಬಿದ್ದೆ. ಆದರೆ ಒಂದು ಯುಗಾದಿ ಕಾರ್ಯಕ್ರಮದಲ್ಲಿ ಮಾಮಾ ಸಭಾಂಗಣದ ಆ ತುದಿಯಲ್ಲಿ, ಮಾಮಿ ನನ್ನ ಜೊತೆ ಈ ತುದಿಯಲ್ಲಿ ಇದ್ದಾಗ ಒಂದು ಸಂಗತಿ ನಡೆಯಿತು. ಮಾಮಾ ಎರಡು ತೋರುಬೆರಳುಗಳನ್ನು ಎತ್ತಿ ಉಜ್ಜಿ, ಹುಬ್ಬು ಹಾರಿಸಿ, ಗದ್ದದಿಂದ ಬಾಗಿಲ ಕಡೆ ತೋರಿಸಿದರು. ಮಾಮಿ ಸರಕ್ಕನೆ ತಿರುಗಿದರು. ಬಾಗಿಲಲ್ಲಿ ನಮ್ಮ ಪಲ್ಲವಿ, ಮೈಸೂರಿನ ಡಾಕ್ಟರ್ ದಂಪತಿಗಳ ಮಗನ ಜೊತೆ ಒಂದೇ ತಟ್ಟೆಯಿಂದ ಒಬ್ಬಟ್ಟು ತಿನ್ನುತ್ತಿದ್ದಳು!

"ಮಾಮಿ, ನಿಮಗ ಆ ಹುಚ್ಚು ತಿಳಿಯೂದಿಲ್ಲ ಅಂತಿದ್ರಲ್ಲ?" ಎಂದೆ.

"ಸುಮ್ನಿರು. ಹುಡುಗ ಛಂದ ಇದ್ದಾನ" ಅಂದರು.

ಹುಡುಗನ ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮೆತ್ತನೆಯ ಮಾತು, ಮಡಿಲಲ್ಲಿ ಮಡಿಸಿಟ್ಟ ಕೈ. ಅವರು ಮಾತುಕತೆಗೆ ಬರುವ ದಿನ ಪಲ್ಲವಿ ಅಪ್ಪನನ್ನು ಕೂರಿಸಿಕೊಂಡು, "ಡ್ಯಾಡ್, ಪ್ಲೀಸ್. ಪಾಕೆಟ್ಸ್" ಎಂದು ಬೇಡಿಕೊಂಡಳು. ಮಾಮಾ ಜೇಬಿನಲ್ಲಿ ಕೈ ಇಟ್ಟುಕೊಂಡೇ ಬಾಗಿಲು ತೆಗೆಯಲು ಹೋದರು. ಬಾಗಿಲು ತೆಗೆಯಲಾಗದೆ ಮಾಮಿಯನ್ನು ಕರೆದರು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಊಟಕ್ಕೆ ಹೋಳಿಗೆ ಬಡಿಸಿದಾಗ ಹುಡುಗನ ತಂದೆ ಮೆಲ್ಲಗೆ, "ಚೆನ್ನಾಗಿದೆ. ಆದ್ರೂ ನಮ್ಮ ಮೈಸೂರು ಕಡೆ ಒಬ್ಬಟ್ಟಿನ ಹದವೇ ಬೇರೆ ಬಿಡಿ" ಅಂದುಬಿಟ್ಟರು. ಧಾರವಾಡದವರ ಎದುರು, ಅದೂ ಧಾರವಾಡದವರ ಹೋಳಿಗೆ ತಿನ್ನುತ್ತ! ಉಪಚಾರಕ್ಕೆಂದು ಪಕ್ಕದಲ್ಲಿ ನಿಂತಿದ್ದ ಮಾಮಾನ ಬಲಗೈ ಜೇಬಿನಿಂದ ತಾನಾಗಿ ಹೊರಗೆ ಬಂತು. ಐದು ಬೆರಳು ಒಟ್ಟಾದವು. ಬೀಗರ ಮೂಗಿನ ಮುಂದೆ ಮೇಲೆ ಕೆಳಗೆ ಆಡತೊಡಗಿದವು. ಪಲ್ಲವಿ ಕಣ್ಣು ಮುಚ್ಚಿಕೊಂಡಳು. ಆದರೆ ಬೀಗಿತ್ತಿ ಗಾಬರಿಯಿಂದ, "ಅಯ್ಯೋ, ಬೇಡ ಬೇಡ, ಹೊಟ್ಟೆ ತುಂಬೋಗಿದೆ, ಇನ್ನು ತಿನ್ನಕ್ಕೆ ಆಗಲ್ಲ!" ಎಂದರು. ನಮ್ಮ ಕಡೆ ಬೆರಳು ಒಟ್ಟು ಮಾಡಿ ತೋರಿಸಿದರೆ ಊಟ ತಾನೆ! ಮಾಮಿ ಒಂದು ಕ್ಷಣವೂ ತಡಮಾಡದೆ, "ಅವ್ರು ಅಷ್ಟು ಒತ್ತಾಯ ಮಾಡ್ಲಿಕತ್ತಾರ, ಇಲ್ಲ ಅನಬ್ಯಾಡ್ರಿ" ಎನ್ನುತ್ತ ಇಬ್ಬರ ತಟ್ಟೆಗೂ ಮತ್ತೆ ಹೋಳಿಗೆ ಹಾಕಿ ತುಪ್ಪ ಸುರಿದರು. "ಎಷ್ಟು ಉಪಚಾರ ಮಾಡ್ತಾರಪ್ಪ ಈ ಜನ" ಎಂದು ಬೀಗರು ಹೋದಲ್ಲೆಲ್ಲ ಹೊಗಳಿದರು. ಮದುವೆ ಗೊತ್ತಾಯಿತು.

ಪಲ್ಲವಿಯ ಆಸೆ ಒಂದೇ. ಇಲ್ಲಿನ ಪದ್ಧತಿಯಂತೆ, ಊಟವಾದ ಮೇಲೆ ಹುಡುಗಿಯ ಅಪ್ಪ ನಾಲ್ಕು ಮಾತಾಡಬೇಕು. ಜೊತೆಗೇ ಷರತ್ತೂ ಒಂದೇ: "ನೋ ಹ್ಯಾಂಡ್ಸ್." ಮಾಮಾ ಒಪ್ಪಿದರು. ಒಬ್ಬಳೇ ಮಗಳು, ಅವಳ ದಿನ. ತನ್ನಿಂದ ಅವಳ ತಲೆ ತಗ್ಗಬಾರದು ಎಂಬುದೊಂದೇ ಅವರ ತಲೆಯಲ್ಲಿ. ಕನ್ನಡಿಯ ಮುಂದೆ ಜೇಬಿನಲ್ಲಿ ಕೈ ಹಾಕಿಕೊಂಡು ಅಭ್ಯಾಸ ಮಾಡಿದರು. ಮಾತು ಬರುವಷ್ಟರಲ್ಲಿ ಪ್ಯಾಂಟಿನ ಜೇಬು ಹರಿಯುತ್ತಿತ್ತು ಎಂದು ಮಾಮಿ ದೂರುತ್ತಿದ್ದರು.

ಮದುವೆಗೆ ಕೆಲವೇ ದಿನಗಳಿದ್ದಾಗ ಮಾಮಾ ನಮ್ಮ ಮನೆಗೆ ಬಂದರು. ಲಿಫ್ಟ್ ಕೆಟ್ಟಿತ್ತು. ಇಬ್ಬರೂ ಮೆಟ್ಟಿಲಿಳಿಯುತ್ತಿದ್ದೆವು. "ಹೂವಿನ ಮಂಟಪ ಎಷ್ಟು ದೊಡ್ಡದು ಮಾಮಾ?" ಎಂದು ಕೇಳಿದ್ದು ನನ್ನ ತಪ್ಪೇ? ಅಗಲ ತೋರಿಸಲು ಅವರ ಎರಡೂ ಕೈ ಕಂಬಿಯನ್ನು ಬಿಟ್ಟವು. ಮಂಟಪ ಇನ್ನೂ ಪೂರ್ತಿ ಅಗಲವಾಗಿರಲಿಲ್ಲ, ಮಾಮಾ ಕೆಳಗಿನ ಮಹಡಿಯಲ್ಲಿದ್ದರು.

ಬಲಗೈ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್, ಹೇಗಾಯಿತು ಎಂದು ಕೇಳಿದರು. ಹೇಳಬೇಕಾದರೆ ತೋರಿಸಬೇಕು, ತೋರಿಸೋಣವೆಂದರೆ ಅದೇ ಕೈ! ಬೆರಳ ತುದಿಯವರೆಗೆ ಪ್ಲಾಸ್ಟರ್ ಹಾಕಿ, ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿಟ್ಟು ಕಳಿಸಿದರು.

"ವೆಲ್, ಫೋಟೋಸ್ ಚೆನ್ನಾಗಿ ಬರತ್ತೆ" ಎಂದು ಪಲ್ಲವಿ ಮೊದಲು ನಕ್ಕಳು. ಎರಡು ದಿನ ಕಳೆದ ಮೇಲೆ ನನಗೆ ಫೋನ್ ಮಾಡಿದಳು. "ಅಕ್ಕಾ, ಡ್ಯಾಡ್ ಈಸ್ ಸೋ ಕ್ವಯೆಟ್. ಐ ಡೋಂಟ್ ಲೈಕ್ ಇಟ್." ನಿಜ. ಮಾಮಾ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ ಅನ್ನುತ್ತಿದ್ದರು. ಆ ಮನೆಯಲ್ಲಿ ಒಡೆಯುವ ಸಾಮಾನುಗಳೆಲ್ಲ ಸುರಕ್ಷಿತವಾಗಿದ್ದವು, ಆದರೆ ಯಾರಿಗೂ ಸಮಾಧಾನವಿರಲಿಲ್ಲ.

ಮದುವೆ ಸಾಂಗವಾಗಿ ಆಯಿತು. ಊಟವಾದ ಮೇಲೆ ಮಾಮಾನನ್ನು ಕರೆದರು. ಬಲಗೈ ಜೋಳಿಗೆಯಲ್ಲಿ, ಎಡಗೈಗೆ ಯಾರೋ ಮೈಕು ಕೊಟ್ಟರು. ಎರಡೂ ಕೈ ಕಟ್ಟಿಹಾಕಿದ ಹಾಗೆಯೇ ಆಯಿತಲ್ಲ!

"ನಮ್ಮ ಪಲ್ಲವಿ..." ಎಂದರು ಮಾಮಾ. ನಿಂತರು. "ನಮ್ಮ ಪಲ್ಲವಿ ಸಣ್ಣಾಕಿ ಇದ್ದಾಗ..." ಮತ್ತೆ ನಿಂತರು. ತುಂಬಿದ ಸಭೆ ಅವರನ್ನೇ ನೋಡುತ್ತಿತ್ತು. ಕಣ್ಣು ತುಂಬಿ ಬಂದಿತ್ತು, ಮಾತು ಮಾತ್ರ ಬರಲೊಲ್ಲದು. ಪಲ್ಲವಿ ಕುರ್ಚಿಯ ತುದಿಗೆ ಬಂದಳು. "ಡ್ಯಾಡ್," ಎಂದಳು, ಮೆಲ್ಲಗೆ, "ಹ್ಯಾಂಡ್ಸ್. ಪ್ಲೀಸ್, ಯೂಸ್ ಯುವರ್ ಹ್ಯಾಂಡ್ಸ್."

ಮಾಮಾ ಮೈಕನ್ನು ಟೇಬಲ್ಲಿನ ಮೇಲೆ ಇಟ್ಟರು. ಮಗಳನ್ನೂ ಅಳಿಯನನ್ನೂ ನೋಡಿದರು. ಎಡಗೈಯ ತೋರುಬೆರಳನ್ನು ಎತ್ತಿದರು. ಆಮೇಲೆ ಬಲಗೈ ಕಡೆ ನೋಡಿದರು. ಅದು ಪ್ಲಾಸ್ಟರಿನೊಳಗೆ ಸುಮ್ಮನಿತ್ತು. ಒಂಟಿ ಬೆರಳು ಗಾಳಿಯಲ್ಲಿ ಹಾಗೆಯೇ ನಿಂತಿತು.

"ಒಂದು ನಿಮಿಷ ಅಂತಿದ್ದಾರೆ" ಎಂದು ಬೀಗರು ಪಕ್ಕದವರಿಗೆ ಹೇಳಿದರು. ಸಭೆಯೆಲ್ಲ ಮರ್ಯಾದೆಯಿಂದ ಕಾಯತೊಡಗಿತು.

ಮಾಮಿ ಎದ್ದರು. ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಮಾಮಾನ ಪಕ್ಕಕ್ಕೆ ಹೋಗಿ ನಿಂತರು. ತಮ್ಮ ತೋರುಬೆರಳನ್ನು ಎತ್ತಿ ಅವರ ಬೆರಳಿಗೆ ಹಚ್ಚಿ ಹಿಡಿದರು, ಮೆತ್ತಗೆ ಉಜ್ಜಿದರು. ಪಲ್ಲವಿ ಅಳುತ್ತ ನಗುತ್ತ ಗಂಡನ ಕೈ ಹಿಡಿದುಕೊಂಡಳು. ಉಳಿದವರಿಗೆ ಏನು ಅರ್ಥವಾಯಿತೋ, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಮದುಮಕ್ಕಳು ಕಾಣಿಸಲೇ ಇಲ್ಲ. ನಾನು ಆ ಎರಡು ಬೆರಳನ್ನೇ ನೋಡುತ್ತಿದ್ದೆ.

ಚಪ್ಪಾಳೆ ನಿಂತಿತು. ಬೆರಳುಗಳು ಇನ್ನೂ ಹಾಗೆಯೇ ಇದ್ದವು. ಮಾಮಾ ಸಂಕೋಚದಿಂದ ಮೆಲ್ಲಗೆ, "ಎಲ್ಲಾರೂ ನೋಡ್ಲಿಕತ್ತಾರ. ಇನ್ನ ಕೈ ಕೆಳಗ ಇಡು" ಅಂದರು.

"ಇರ್ಲಿ ಬಿಡ್ರಿ" ಅಂದರು ಮಾಮಿ.