ಡ್ರಮ್ಮಿನ ಹೊಟ್ಟೆಗೆ ತುರುಕಿದ ಗೋಣಿಚೀಲ

ಬಡಿದರೆ ಸದ್ದಾಗುವುದು ತಪ್ಪಲ್ಲ. ಬಡಿಯುವುದು ನಿಂತ ಮೇಲೂ ಸದ್ದು ನಿಲ್ಲದಿದ್ದರೆ ಅದಕ್ಕೆ ಔಷಧ ಬೇಕು. ಪಕ್ಕದ ಮನೆಯ ಗಂಗವ್ವನಿಗೂ ಇದೇ ರೋಗ. ನಲ್ಲಿ ಬಂತೇ ಎಂದು ಕೇಳಿದರೆ ಬಂತು ಅಂದು ಸುಮ್ಮನಾಗಬೇಕಲ್ಲ, ಆ ನೀರು ಅವಳ ತಂಗಿಯ ಮಗನ ಮದುವೆಯವರೆಗೂ ಹರಿಯುತ್ತದೆ. ನನ್ನ ಗಂಡ ಹಾಗಿರಲಿಲ್ಲ. ಬದುಕಿದ್ದಷ್ಟು ದಿನ ಅವನು ನನ್ನೊಡನೆ ಆಡಿದ್ದನ್ನೆಲ್ಲ ಒಂದು ಅಂಚೆ ಕಾರ್ಡಿನ ಮೇಲೆ ಬರೆಯಬಹುದು, ವಿಳಾಸಕ್ಕೂ ಜಾಗ ಉಳಿಯುತ್ತದೆ.

ನನ್ನ ಮೊಮ್ಮಗಳು ರೇಣುಕಾ ರಾಣೆಬೆನ್ನೂರಿನಿಂದ ಯಾರೋ ಬಾರಿಸಿ ಬೇಸತ್ತ ಡ್ರಮ್ ಸೆಟ್ಟೊಂದನ್ನು ತಂದು ಬ್ಯಾಡಗಿಯ ನಮ್ಮ ಪಡಸಾಲೆಯಲ್ಲಿ ಹೂಡಿದಳು. ಮದುವೆಗಳಿಗೆ ಆರ್ಕೆಸ್ಟ್ರಾ ಒಯ್ಯುವ ದಾದಾಪೀರ್ ಭಾನುವಾರ ಮನೆಗೇ ಬಂದು ಅವಳ ಬಾರಿಸುವ ಕೈ ನೋಡುವವನಿದ್ದ. ಅವನು ಒಪ್ಪಿದರೆ ಈ ಹಂಗಾಮಿಗೆಲ್ಲ ಡ್ರಮ್ಮಿಗೆ ಅವಳೇ. ಒಪ್ಪದಿದ್ದರೆ ಮತ್ತೆ ಸೀರೆ ಅಂಗಡಿ. ಅಲ್ಲಿ ಇವಳು ಗಿರಾಕಿಗಳೆದುರೇ ಸೀರೆ ಡಬ್ಬಿಗಳ ಮೇಲೆ ತಾಳ ಹಾಕಿ ಬೈಸಿಕೊಂಡವಳು.

ತೊಂದರೆಯೆಂದರೆ, ಡ್ರಮ್ಮಿಗೆ ಒಂದು ಪೆಟ್ಟು ಕೊಟ್ಟರೆ ‘ದಬ್’ ಎಂದು ಮುಗಿಸುವ ಬದಲು ‘ದಬ್ಬೂಂಯ್’ ಎಂದು ಎಳೆಯುತ್ತಿತ್ತು. ರೇಣುಕಾ ತಿರುಪು ಬಿಗಿ ಮಾಡಿದಳು, ಸಡಿಲ ಮಾಡಿದಳು, ಚರ್ಮದ ಅಂಚಿಗೆ ಟೇಪು ಅಂಟಿಸಿದಳು. ಸಣ್ಣವು ಸುಮ್ಮನಾದವು. ಕಾಲಿನಿಂದ ತುಳಿದು ಬಾರಿಸುವ ದೊಡ್ಡದು ಮಾತ್ರ ಯಾರ ಮಾತೂ ಕೇಳಲಿಲ್ಲ.

“ಇದರ ಗುಂಯ್ ನಿಲ್ಲವಲ್ದು ಆಯಿ,” ಎಂದಳು.

“ಖಾಲಿ ಹೊಟ್ಟಿ ಗುಂಯ್ ಅನ್ನದ ಏನ್ ಮಾಡ್ತೈತಿ. ಒಳಗ ಏನರ ತುರುಕು.”

“ಎಲ್ಲಾರೂ ತಲಿದಿಂಬು ಇಡ್ತಾರ. ನಿಂದು ಕೊಡು.”

“ನಿನಗ ದಿಂಬು ಕೊಟ್ಟು ನಾ ಏನ್ ಬೀಸೂಕಲ್ಲಿನ ಮ್ಯಾಲೆ ತಲಿ ಇಡ್ಲೇನು?”

ಹಿತ್ತಲಲ್ಲಿದ್ದ ಎರಡು ಗೋಣಿಚೀಲ ಮಡಿಚಿ ನಾನೇ ಒಳಗೆ ಕೂರಿಸಿದೆ. ರೇಣುಕಾ ತುಳಿದಳು. ‘ದಬ್.’ ಮುಂದೆ ಮಾತಿಲ್ಲ. ನನ್ನ ಗಂಡನೇ ಎದ್ದು ಬಂದಂತಾಯಿತು.

ಆ ಚೀಲಗಳು ಮಾರ್ಕೆಟ್ ಯಾರ್ಡಿನವು. ಚಿಕ್ಕ ವಯಸ್ಸಿನಿಂದಲೂ ನಾನು ಅಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ನಮ್ಮ ಮನೆಯ ಮೂಗುಗಳಿಗೆ ಘಾಟು ಎಂಬುದು ಎಂದೋ ಮರೆತುಹೋಗಿದೆ. ಇಡೀ ಓಣಿ ಕೆಮ್ಮುತ್ತಿದ್ದರೆ, ಇವರಿಗೇನು ಬಂತು ಎಂದು ನಾವು ಹೊರಗೆ ಬಂದು ನೋಡುತ್ತೇವೆ.

ಭಾನುವಾರ ದಾದಾಪೀರ್ ಬಂದ. ಜೊತೆಗೆ ಅವನ ಆರ್ಕೆಸ್ಟ್ರಾದಲ್ಲಿ ಹಾಡುವ ಮಂಜುಳಾ. ದೊಡ್ಡ ಡ್ರಮ್ಮಿನ ಮುಂಭಾಗದಲ್ಲಿ ಅಂಗೈ ಅಗಲದ ತೂತಿದೆ; ಇಬ್ಬರೂ ಸರಿಯಾಗಿ ಅದರೆದುರು ಕೂತರು. ರೇಣುಕಾ ಶುರುಮಾಡಿದಳು, ಮಂಜುಳಾ ಹಾಡಿದಳು. ದಾದಾಪೀರ್ ಕಣ್ಣು ಮುಚ್ಚಿ, “ಸದ್ದು ಗಟ್ಟಿ ಕುಂತೈತಿ,” ಎಂದ. ಅವಳು ಜೋರಾಗಿ ತುಳಿದಂತೆಲ್ಲ ಆ ತೂತು ಕೆಂಪು ಧೂಳಿನ ಉಸಿರು ಬಿಡತೊಡಗಿತು. ಮಂಜುಳಾ ಎತ್ತರಕ್ಕೆ ಏರಿಸಿದ ದನಿ ಅಲ್ಲೇ ಕೆಮ್ಮಾಯಿತು. ದಾದಾಪೀರನ ಕಣ್ಣಲ್ಲಿ ದಳದಳ ನೀರು. ಹಾಡಿಗೆ ಕರಗಿದ, ಕೆಲಸ ಆಯಿತು ಎಂದು ನಾನು ಚಹಾಕ್ಕೆ ಎದ್ದೆ.

“ನಿಲ್ಲಸವ್ವಾ,” ಎಂದು ಅವನು ಸೀನುತ್ತ ಕೈ ಎತ್ತಿದ. “ಅಜ್ಜಿ, ಒಳಗ ಏನಿಟ್ಟೀರಿ?”

“ಚೀಲ. ಖಾಲಿ ಅದಾವು.”

“ಕಾಯಿ ಮನಿ ಖಾಲಿ ಮಾಡ್ಯಾವು. ಖಾರ ಇನ್ನೂ ಅಲ್ಲೇ ಸಂಸಾರ ಮಾಡಾಕತ್ತೈತಿ.”

ರೇಣುಕಾ ಕೋಲುಗಳನ್ನು ತೊಡೆಯ ಮೇಲಿಟ್ಟಳು. ನನ್ನ ಕಡೆ ನೋಡಲೂ ಇಲ್ಲ. ದಾದಾಪೀರ್ ಹೊರಗೆ ಹೋಗಿ ಮುಖ ತೊಳೆದು, ಒಂದು ತಂಬಿಗೆ ನೀರು ಕುಡಿದು ಬಂದ.

“ಮಂಜುಳಾ ಕೆಮ್ಮಿದ್ಲು, ನಾ ಸೀನಿದೆ. ನಿನ್ನ ತಾಳ ಒಂದರ ತಪ್ಪಿತೇನು? ಇಲ್ಲ. ಹಲಗೇರಿ ಮದುವಿಗೆ ಬಾ. ದಿಂಬು ನಾ ತರ್ತೇನಿ. ಈ ಮನಿಯಿಂದ ಒಂದ ಎಳಿ ದಾರಾನೂ ತರಬ್ಯಾಡ.”

ಹಲಗೇರಿಗೆ ನಾನೂ ಹೋದೆ. ಮಿಂದು, ಒಗೆದ ಸೀರೆ ಉಟ್ಟು, ಕೊನೆಯ ಸಾಲಿನಲ್ಲಿ ಕೂತೆ. ಡ್ರಮ್ಮು ಚೊಕ್ಕವಾಗಿ ಮಾತಾಡುತ್ತಿತ್ತು. ಎರಡನೆಯ ಹಾಡಿಗೆ ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ವೇದಿಕೆಯ ಮೇಲಿದ್ದವರೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ತಾಳ ಬಿಡದೆ ರೇಣುಕಾ ಕೂಡ. ಯಾರದೋ ನೆಗಡಿಗೆ ನಾನೇಕೆ ಜವಾಬು ಕೊಡಲಿ ಎಂದು ಎದ್ದು ಹೋಗಿ ಊಟದ ಮೊದಲ ಪಂಕ್ತಿಗೆ ಕೂತೆ. ಎಣ್ಣೆಗಾಯಿಗೆ ಖಾರವೇ ಬಿದ್ದಿಲ್ಲ ಎಂದು ಬಡಿಸುವವನಿಗೆ ಹೇಳಿದೆ. ಪಕ್ಕದಲ್ಲಿ ಕೂತವನು ಮೂಗು ಒರೆಸಿಕೊಳ್ಳುತ್ತ, ಎಲೆಯನ್ನು ನನ್ನಿಂದ ಸ್ವಲ್ಪ ಆಚೆಗೆ ಎಳೆದುಕೊಂಡ.