ನಾನು ತಿಂದ ಪ್ರೋಟೀನು

ಮನುಷ್ಯನ ಶರೀರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಶಲವಡಿಯ ಹೈಸ್ಕೂಲು ಮಕ್ಕಳಿಗೆ ಆ ಪಾಠ ಹೇಳುವವನೇ ನಾನು!

ಎಂಬತ್ತರ ದಶಕದ ಮಾತು. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. ಊರಿನ ಕಣ್ಣೆಲ್ಲ ನನ್ನ ಹೆಂಡತಿ ನೀಲಾಳ ಮೇಲೆ. ಒಂದು ದಿನ ಪಕ್ಕದ ಮನೆಯ ಕುಬಸದ ಕಾರ್ಯದಲ್ಲಿ ಬಸುರಿಗೆ ಉಡಿ ತುಂಬಲು ಹೋದವಳಿಗೆ ಯಾರೋ, "ನೀ ಸ್ವಲ್ಪ ಬಾಜುಕ ನಿಲ್ಲವಾ" ಅಂದರಂತೆ. ಅಳುತ್ತ ಮನೆಗೆ ಬಂದಳು.

"ಅಳಬ್ಯಾಡ. ಮೊದ್ಲ ನನ್ನ ತಪಾಸ ಮಾಡಸ್ಕೋತೀನಿ," ಎಂದೆ. ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು.

ಹುಬ್ಬಳ್ಳಿಯ ಡಾಕ್ಟರು ವೀರ್ಯ ಪರೀಕ್ಷಿಸಿ ಹೇಳಿದರು: "ಬೀಜ ಬೇಕಾದಷ್ಟು ಅದಾವ್ರಿ. ಆದ್ರ ಅವು ಈಜೂ ರಸ ಅಂಟಿನಂಗ ಗಟ್ಟಿ ಉಳದೈತಿ. ಅದನ್ನ ತೆಳ್ಳಗ ಮಾಡೂ ಪ್ರೋಟೀನ್ ಸರಿಯಾಗಿ ಕೆಲಸ ಮಾಡವಲ್ದು. ಸೋಂಕು ಆಗಿರಬೇಕು. ಈ ಗುಳಿಗಿ ತಪ್ಪದ ತಗೋರಿ."

ಇಷ್ಟೆಲ್ಲದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಪ್ರೋಟೀನ್!

ಗುಳಿಗೆಗಳು ಜೇಬಿನಲ್ಲೇ ಉಳಿದವು. ನೆನೆಸಿದ ಕಡಲೆ, ಮೊಳಕೆ ಹೆಸರು, ಹುರುಳಿ, ಶೇಂಗಾ... ಬಾಯಿಗೆ ಬಿಡುವೇ ಇರಲಿಲ್ಲ.

"ಮಾಸ್ತರ, ಇಷ್ಟೊಂದು ಹುರಳಿ! ಎತ್ತು ಕೊಂಡೀರೇನ್ರಿ?" ಕಿರಾಣಿ ಅಂಗಡಿಯ ಬಸಣ್ಣ ಕೇಳಿದ.

ನಿಜ ಹೇಳುವುದು ಹೇಗೆ? "ಹೌದ್ರಿ," ಎಂದುಬಿಟ್ಟೆ.

ಮರುದಿನ ಎತ್ತು ನೋಡಲು ಓಣಿಯ ಹಿರಿಯರನ್ನು ಕಟ್ಟಿಕೊಂಡು ಬಸಣ್ಣ ಬಂದೇಬಿಟ್ಟ! ನಾನು ಒಳಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದೆ.

"ಎತ್ತು ಎಲ್ಲೈತಿ ತಂಗೀ?"

ನೀಲಾ ನನ್ನನ್ನು ನೋಡಿದಳು, ಕಡಲೆಯ ಪಾತ್ರೆ ನೋಡಿದಳು. ಎಲ್ಲ ಅರ್ಥವಾಯಿತು.

"ಒಳಗ ಮಲಗೈತ್ರಿ ಅಣ್ಣಾರ. ಹೊಟ್ಟಿ ಉಬ್ಬೈತಿ."

ಬಸಣ್ಣ ಬಹಳ ಒಳ್ಳೆಯ ಮನುಷ್ಯ. ಓಡಿಹೋಗಿ ದನದ ಡಾಕ್ಟರನ್ನು ಕರೆತಂದ! ಎಣ್ಣೆ ಕುಡಿಸುವ ಗೊಟ್ಟ ಹಿಡಿದು ಒಳಗೆ ಬಂದ ಡಾಕ್ಟರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಗೊಟ್ಟವನ್ನು ಚೀಲದೊಳಗೆ ಇಟ್ಟುಕೊಂಡರು.

"ಈ ಜಾತಿ ಎತ್ತಿಗೆ ನನ್ನ ಕಡೆ ಔಷಧ ಇಲ್ರಿ."

ನೀಲಾ ನನ್ನನ್ನು ಮುಂದಿನ ಬಸ್ಸಿಗೇ ಹುಬ್ಬಳ್ಳಿಗೆ ಎಳೆದೊಯ್ದಳು.

"ಮಾಸ್ತರ, ತಿಂದ ಕಾಳು ಸೀದಾ ಅಲ್ಲಿಗೆ ಹೋಗೂದಿಲ್ರಿ!" ಡಾಕ್ಟರು ನಕ್ಕರು. "ಆ ಪ್ರೋಟೀನ್ ಶರೀರ ತಾನ ತಯಾರ ಮಾಡ್ಕೋತದ. ಗುಳಿಗಿ ಏನಾದ್ವು?"

ನೀಲಾ ನನ್ನ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅಂದಿನಿಂದ ದಿನಾ ನನ್ನೆದುರು ಕೂತು, ನಾನು ಗುಳಿಗೆ ನುಂಗುವವರೆಗೆ ಏಳುತ್ತಿರಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ಮುಂಜಾನೆ ನೀಲಾ ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು. ಗಾಬರಿಯಿಂದ ಓಡಿಹೋಗಿ ಅಜೀರ್ಣದ ಚೂರ್ಣ ತಂದೆ.

"ನಿನ್ನಿ ಬದನಿಕಾಯಿ ಭಾಳ ತಿಂದಿ. ಇದನ್ನ ತಗೋ."

ಒಳಗಿನಿಂದ ಬಂದ ನಮ್ಮವ್ವ ಹಣೆ ಬಡಿದುಕೊಂಡಳು. "ಏ ಹುಚ್ಚಪ್ಪಾ, ಅಜೀರ್ಣ ಅಲ್ಲೋ ಅದು! ನೀ ಅಪ್ಪ ಆಗ್ತಿ!"

ನೀಲಾ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ನಗುತ್ತಿದ್ದಳು, ಅಳುತ್ತಲೂ ಇದ್ದಳು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಚೂರ್ಣವನ್ನೆಲ್ಲ ನಾನೇ ನುಂಗಿಬಿಟ್ಟೆ!